1928ರ ಪ್ಯಾರಿಸ್ ಒಪ್ಪಂದ ಯುದ್ಧವನ್ನು ನಿಜವಾಗಿಯೂ ಕಾನೂನುಬಾಹಿರಗೊಳಿಸಿತೇ?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಣ ಅಂತರರಾಷ್ಟ್ರೀಯ ಕಾನೂನನ್ನು ಕುರಿತು ಪ್ರಬಂಧ ಬರೆಯುತ್ತಿದ್ದೇನೆ. 1928ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಸಹಿಯಾದ ಕೆಲ್ಲಾಗ್–ಬ್ರಿಯಾಂಡ್ ಒಪ್ಪಂದದ ಬಳಿ ಬಂದಾಗ ಬರವಣಿಗೆ ಮುಂದೆ ಸಾಗುತ್ತಿಲ್ಲ. ಯುದ್ಧವನ್ನು ರಾಷ್ಟ್ರನೀತಿಯ ಸಾಧನವಾಗಿ ಬಳಸುವುದನ್ನು ತ್ಯಜಿಸುತ್ತೇವೆಂದು ಅಂದು 15 ರಾಷ್ಟ್ರಗಳು ಸಹಿ ಹಾಕಿದವು. ಅವುಗಳಲ್ಲಿ ಜರ್ಮನಿ, ಇಟಲಿ, ಜಪಾನ್ ಮೂರೂ ಇದ್ದವು. ಹನ್ನೊಂದು ವರ್ಷಗಳಲ್ಲಿ ಎರಡನೆಯ ಮಹಾಯುದ್ಧವೇ ಆರಂಭವಾಯಿತು. ನಾನು ಓದಿದ ಪಠ್ಯಪುಸ್ತಕ ಈ ಒಪ್ಪಂದವನ್ನು ಎರಡು ಸಾಲುಗಳಲ್ಲಿ ಮುಗಿಸಿ, ವಿಫಲವಾಯಿತೆಂದು ಹೇಳಿ ಮುಂದಕ್ಕೆ ಹೋಗುತ್ತದೆ. ವಿಫಲವಾದದ್ದು ಒಪ್ಪಂದದ ಮಾತುಗಳಲ್ಲೇ ಇದ್ದ ದೋಷದಿಂದಲೋ, ಅಥವಾ ಅದನ್ನು ಪಾಲಿಸಬೇಕಾದವರಿಂದಲೋ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ (ಇತಿಹಾಸದ ಮೇಷ್ಟ್ರು):

ಒಪ್ಪಂದದ ಮಾತುಗಳನ್ನು ಓದುವ ಮೊದಲು, ಅದಕ್ಕೆ ಮುಂಚೆ ಕಾನೂನು ಹೇಗಿತ್ತೆಂಬುದನ್ನು ನೆನಪಿಟ್ಟುಕೊಳ್ಳಬೇಕಮ್ಮ. 1914ರವರೆಗೆ ಯುದ್ಧ ಹೂಡುವುದು ಸಾರ್ವಭೌಮ ರಾಷ್ಟ್ರದ ಹಕ್ಕೆಂದೇ ಎಣಿಕೆಯಾಗಿತ್ತು. ಯುದ್ಧವನ್ನು ಹೇಗೆ ನಡೆಸಬೇಕೆಂಬುದಕ್ಕೆ ನಿಯಮಗಳಿದ್ದವೇ ಹೊರತು, ನಡೆಸಕೂಡದೆಂಬ ಸಾಮಾನ್ಯ ನಿಯಮವಿರಲಿಲ್ಲ. 1920ರಲ್ಲಿ ಜಾರಿಗೆ ಬಂದ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಒಡಂಬಡಿಕೆಯೂ ಯುದ್ಧವನ್ನು ಪೂರ್ತಿಯಾಗಿ ನಿಷೇಧಿಸಲಿಲ್ಲ. ವ್ಯಾಜ್ಯವನ್ನು ಪಂಚಾಯಿತಿಗೋ ನ್ಯಾಯಾಲಯಕ್ಕೋ ಸಂಘದ ಮಂಡಳಿಗೋ ಒಪ್ಪಿಸಬೇಕು, ತೀರ್ಮಾನ ಬಂದ ಮೇಲೆ ಮೂರು ತಿಂಗಳು ಕಾಯಬೇಕು ಎಂದು ಅದರ 12ನೆಯ ವಿಧಿ ಹೇಳುತ್ತಿತ್ತು. ಮಂಡಳಿಯಲ್ಲಿ ವ್ಯಾಜ್ಯದ ಕಕ್ಷಿಗಳನ್ನು ಬಿಟ್ಟು ಉಳಿದವರಲ್ಲಿ ಒಮ್ಮತ ಮೂಡದಿದ್ದರೆ, ನ್ಯಾಯವೆಂದು ತೋರಿದ ಕ್ರಮ ಕೈಗೊಳ್ಳುವ ಹಕ್ಕು ಸದಸ್ಯರಿಗೇ ಉಳಿಯುತ್ತದೆಂದು 15ನೆಯ ವಿಧಿಯೇ ಒಪ್ಪಿಕೊಂಡಿತ್ತು. ಪ್ಯಾರಿಸ್ ಒಪ್ಪಂದ ಮುಚ್ಚಲು ಹೊರಟದ್ದು ಈ ಕಂಡಿಯನ್ನು.

ಅದರ ತಿರುಳೆಲ್ಲ ಎರಡು ಚಿಕ್ಕ ವಿಧಿಗಳಲ್ಲಿದೆ. ಮೊದಲನೆಯದು ಯುದ್ಧವನ್ನು ಖಂಡಿಸಿ ತ್ಯಜಿಸುತ್ತದೆ. ಎರಡನೆಯದು ಯಾವ ವ್ಯಾಜ್ಯವನ್ನೇ ಆದರೂ ಶಾಂತಿಯ ಮಾರ್ಗದಿಂದಲ್ಲದೆ ಬಗೆಹರಿಸಕೂಡದೆನ್ನುತ್ತದೆ. ಮುರಿದವರನ್ನು ವಿಚಾರಿಸುವ ನ್ಯಾಯಾಲಯ, ವಿಧಿಸುವ ದಂಡ, ಸಭೆ ಕರೆಯುವ ಅಧಿಕಾರಿ, ಇವುಗಳಲ್ಲಿ ಯಾವುದೂ ಅದರಲ್ಲಿಲ್ಲ. ಇದಕ್ಕಿಂತ ದೊಡ್ಡ ಕೊರತೆ ಒಪ್ಪಂದದ ಹೊರಗೆ, ಸಹಿಗೆ ಮುನ್ನ ಸರ್ಕಾರಗಳು ಬರೆದುಕೊಂಡ ಪತ್ರಗಳಲ್ಲಿತ್ತು. ಆತ್ಮರಕ್ಷಣೆಯ ಹಕ್ಕಿಗೆ ಧಕ್ಕೆಯಿಲ್ಲವೆಂದೂ, ಯಾವುದು ಆತ್ಮರಕ್ಷಣೆ ಎಂಬುದನ್ನು ಆಯಾ ರಾಷ್ಟ್ರವೇ ನಿರ್ಧರಿಸಬೇಕೆಂದೂ ಅಮೆರಿಕದ ಅಂದಿನ ವಿದೇಶಾಂಗ ಸಚಿವ ಕೆಲ್ಲಾಗ್ ಬರೆದರು. ಜಗತ್ತಿನ ಕೆಲವು ಪ್ರದೇಶಗಳು ತನ್ನ ಸುರಕ್ಷತೆಗೆ ವಿಶೇಷವಾಗಿ ಸಂಬಂಧಿಸಿದವು, ಅಲ್ಲಿ ತನಗೆ ಸ್ವಾತಂತ್ರ್ಯ ಇರಬೇಕು ಎಂದು ಬ್ರಿಟನ್ ಬರೆಯಿತು. ಆ ಪ್ರದೇಶಗಳು ಯಾವುವೆಂದು ಮಾತ್ರ ಹೆಸರಿಸಲಿಲ್ಲ. ಅಮೆರಿಕದ ಸೆನೆಟ್ 1929ರ ಜನವರಿಯಲ್ಲಿ 85ಕ್ಕೆ 1 ಮತದಿಂದ ಒಪ್ಪಂದವನ್ನು ಅಂಗೀಕರಿಸಿ, ಮರುತಿಂಗಳೇ 15 ಹೊಸ ಕ್ರೂಸರ್ ಯುದ್ಧನೌಕೆಗಳಿಗೂ ಒಪ್ಪಿಗೆ ನೀಡಿತು.

ಇನ್ನು "ಯುದ್ಧ" ಎಂಬ ಪದ. 1931ರ ಸೆಪ್ಟೆಂಬರ್ 18ರ ರಾತ್ರಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿ, ಮುಕ್ಡೆನ್ ನಗರದ ಹೊರಗೆ, ಜಪಾನಿನ ಸೈನಿಕರೇ ತಮ್ಮ ರೈಲುಹಳಿಯ ಪಕ್ಕದಲ್ಲಿ ಸಣ್ಣದೊಂದು ಸ್ಫೋಟ ನಡೆಸಿದರು. ಹಳಿಗೆ ಆದ ಹಾನಿ ಎಷ್ಟು ಅಲ್ಪವೆಂದರೆ, ಸ್ವಲ್ಪ ಹೊತ್ತಿನಲ್ಲೇ ಅದರ ಮೇಲೆ ರೈಲೊಂದು ಸುರಕ್ಷಿತವಾಗಿ ಹಾದುಹೋಯಿತು. ಅದನ್ನೇ ನೆಪವಾಗಿಸಿಕೊಂಡು ಮಂಚೂರಿಯಾವನ್ನು ಆಕ್ರಮಿಸಿದ ಜಪಾನ್ ಯುದ್ಧ ಘೋಷಿಸಲಿಲ್ಲ. ಅದನ್ನು "ಘಟನೆ" ಎಂದೇ ಕರೆಯಿತು. 1937ರ ನಂತರ ಚೀನಾದಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದಾಗಲೂ ಹೆಸರು ಬದಲಾಗಲಿಲ್ಲ. ಯುದ್ಧವೆಂದು ಘೋಷಿಸಿದರೆ ಅಮೆರಿಕದ ತಟಸ್ಥ ಕಾಯಿದೆಯಿಂದ ಶಸ್ತ್ರಗಳು ನಿಂತುಹೋಗುವ ಭಯ ಚೀನಾಕ್ಕೂ ಇದ್ದುದರಿಂದ, ಅದು ಜಪಾನಿನ ಮೇಲೆ ವಿಧ್ಯುಕ್ತವಾಗಿ ಯುದ್ಧ ಸಾರಿದ್ದು 1941ರ ಡಿಸೆಂಬರ್‌ನಲ್ಲಿ. ಆದ್ದರಿಂದಲೇ 1945ರ ವಿಶ್ವಸಂಸ್ಥೆಯ ಸನ್ನದಿನ 2ನೆಯ ವಿಧಿ ನಿಷೇಧಿಸಿದ್ದು ಬಲದ ಬೆದರಿಕೆಯನ್ನೂ ಪ್ರಯೋಗವನ್ನೂ. "ಯುದ್ಧ" ಎಂಬ ಪದವನ್ನು ಆ ನಿಷೇಧ ನೆಚ್ಚಿಕೊಂಡಿಲ್ಲ. ನನ್ನ ದೃಷ್ಟಿಯಲ್ಲಿ ದೋಷದ ಬಹುಭಾಗ ಬರಹದಲ್ಲೇ ಇತ್ತು.

ಉತ್ತರ (ನಿವೃತ್ತ ವಕೀಲ):

ಮೇಷ್ಟ್ರು ಹೇಳಿದ ಸಂಗತಿಗಳಲ್ಲಿ ತಕರಾರಿಲ್ಲ, ಆದರೆ ಅವರ ತೀರ್ಮಾನವನ್ನು ನಾನು ಒಪ್ಪಲಾರೆ. ಬರಹದ ದೋಷವೇ ಕಾರಣವಾಗಿದ್ದರೆ, ಬರಹ ಸ್ಪಷ್ಟವಾಗಿದ್ದ ಕಡೆ ಕಾನೂನು ಉಳಿಯಬೇಕಾಗಿತ್ತು. ಇಥಿಯೋಪಿಯಾದ ಪ್ರಕರಣವನ್ನು ನೋಡಿ. ಆ ದೇಶ 1923ರಿಂದ ರಾಷ್ಟ್ರಸಂಘದ ಸದಸ್ಯ. ಪ್ಯಾರಿಸ್ ಒಪ್ಪಂದಕ್ಕೂ ಸೇರಿತ್ತು. 1935ರ ಅಕ್ಟೋಬರ್ 3ರಂದು ಇಟಲಿಯ ಸೇನೆ ಗಡಿ ದಾಟಿದಾಗ, ಒಡಂಬಡಿಕೆಯನ್ನು ಕಡೆಗಣಿಸಿ ಇಟಲಿ ಯುದ್ಧಕ್ಕಿಳಿದಿದೆ ಎಂದು ಮಂಡಳಿ ಒಂದು ವಾರದೊಳಗೇ ತೀರ್ಮಾನಿಸಿತು. ವಿಷಾನಿಲವನ್ನು ನಿಷೇಧಿಸಿದ 1925ರ ಜಿನೀವಾ ಒಪ್ಪಂದಕ್ಕೆ ಇಟಲಿಯೂ ಬದ್ಧವಾಗಿತ್ತು. ಆದರೂ ಅದರ ವಿಮಾನಗಳು ಮಸ್ಟರ್ಡ್ ಅನಿಲವನ್ನು ಸುರಿದವು. ಇಲ್ಲಿ ಯಾವ ಪದಕ್ಕೂ ಎರಡು ಅರ್ಥವಿರಲಿಲ್ಲ. ನವೆಂಬರ್‌ನಲ್ಲಿ ಆರ್ಥಿಕ ನಿರ್ಬಂಧಗಳೇನೋ ಜಾರಿಗೆ ಬಂದವು; ಪೆಟ್ರೋಲಿಯಂ ಅವುಗಳಲ್ಲಿ ಸೇರಿರಲಿಲ್ಲ, ಇಟಲಿಯ ಹಡಗುಗಳಿಗೆ ಸೂಯೆಜ್ ಕಾಲುವೆ ತೆರೆದೇ ಇತ್ತು. 1936ರ ಜೂನ್ 30ರಂದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ರಾಷ್ಟ್ರಸಂಘದ ಸಭೆಗೆ ಬಂದು ತನ್ನ ಜನರ ಮೇಲೆ ಅನಿಲ ಸುರಿದ ಬಗೆಯನ್ನು ಅಮ್ಹಾರಿಕ್ ಭಾಷೆಯಲ್ಲಿ ವಿವರಿಸಿದರು. ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿ ಅಡ್ಡಿಪಡಿಸಿದರು. ಮುಂದಿನ ತಿಂಗಳೇ ನಿರ್ಬಂಧಗಳನ್ನು ತೆಗೆದುಹಾಕಲಾಯಿತು.

ಇದಾದ ಮೇಲೆ ಲಂಡನ್ನಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ನೀವು ಪ್ರಬಂಧದಲ್ಲಿ ಖಂಡಿತ ಸೇರಿಸಬೇಕು. ಇಥಿಯೋಪಿಯಾ ಮತ್ತು ಬ್ರಿಟನ್ ನಡುವಣ ತಂತಿ ಸಂಪರ್ಕದ ಕರಾರಿನಡಿ ತನ್ನ ಸರ್ಕಾರಕ್ಕೆ ಬರಬೇಕಿದ್ದ ಹಣಕ್ಕಾಗಿ ಹೈಲೆ ಸೆಲಾಸಿ ಕೇಬಲ್ ಆಂಡ್ ವೈರ್‌ಲೆಸ್ ಕಂಪನಿಯ ಮೇಲೆ ದಾವೆ ಹೂಡಿದರು. ಆಗ ಅವರು ದೇಶಭ್ರಷ್ಟರಾಗಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿದ್ದರು. ಬ್ರಿಟಿಷ್ ಸರ್ಕಾರ ಇನ್ನೂ ಅವರನ್ನೇ ಕಾನೂನುಬದ್ಧ ಚಕ್ರವರ್ತಿಯೆಂದು ಮಾನ್ಯ ಮಾಡಿದ್ದುದರಿಂದ, 1938ರಲ್ಲಿ ಕೆಳಗಿನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಮೇಲ್ಮನವಿ ಬಾಕಿಯಿರುವಾಗ, ಅದೇ ವರ್ಷದ ನವೆಂಬರ್‌ನಲ್ಲಿ, ಬ್ರಿಟನ್ ಇಟಲಿಯ ರಾಜನನ್ನು ಇಥಿಯೋಪಿಯಾದ ಕಾನೂನುಬದ್ಧ ಒಡೆಯನೆಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಮೇಲ್ಮನವಿಯ ನ್ಯಾಯಾಲಯ ತೀರ್ಪನ್ನು ತಲೆಕೆಳಗು ಮಾಡಿತು. ಸಾಕ್ಷ್ಯ ಬದಲಾಗಿರಲಿಲ್ಲ, ಕರಾರು ಬದಲಾಗಿರಲಿಲ್ಲ. ವಿದೇಶಾಂಗ ಕಚೇರಿಯಿಂದ ನ್ಯಾಯಾಲಯಕ್ಕೆ ಬಂದ ಪತ್ರವೊಂದು ಬದಲಾಗಿತ್ತು. ನಲವತ್ತು ವರ್ಷ ವಕೀಲಿ ಮಾಡಿದವನಿಗೆ ಆ ತೀರ್ಪನ್ನು ಓದುವುದು ಇಂದಿಗೂ ನೋವಿನ ಕೆಲಸ, ಏಕೆಂದರೆ ನ್ಯಾಯಾಧೀಶರು ತಮ್ಮ ದೇಶದ ಕಾನೂನಿನಂತೆ ನೋಡಿದರೆ ತಪ್ಪು ಮಾಡಿರಲಿಲ್ಲ.

ಹಾಗೆಂದು ಒಪ್ಪಂದದಿಂದ ಏನೂ ಆಗಲಿಲ್ಲ ಎನ್ನುವಂತಿಲ್ಲ. ಮೊದಲು ಗೆದ್ದ ನೆಲ ಗೆದ್ದವನದಾಗುತ್ತಿತ್ತು, ಯಾರೂ ಕಾರಣ ಕೇಳುತ್ತಿರಲಿಲ್ಲ. 1932ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವ ಹೆನ್ರಿ ಸ್ಟಿಮ್ಸನ್, ಪ್ಯಾರಿಸ್ ಒಪ್ಪಂದವನ್ನು ಮುರಿದು ಪಡೆದ ಯಾವ ಸ್ಥಿತಿಯನ್ನೂ ತಮ್ಮ ದೇಶ ಮಾನ್ಯ ಮಾಡದೆಂದು ಜಪಾನಿಗೂ ಚೀನಾಕ್ಕೂ ತಿಳಿಸಿದರು. ಮಂಚೂಕುವೊ ಎಂಬ ಜಪಾನಿನ ಕೈಗೊಂಬೆ ರಾಜ್ಯವನ್ನು ಮಾನ್ಯ ಮಾಡಲು ಹೆಚ್ಚಿನ ದೇಶಗಳು ಒಪ್ಪಲಿಲ್ಲ. ಇಥಿಯೋಪಿಯಾದ ವಿಷಯದಲ್ಲೂ ಅಮೆರಿಕ, ಮೆಕ್ಸಿಕೊದಂಥ ಕೆಲವು ದೇಶಗಳು ಕೊನೆಯವರೆಗೂ ಇಟಲಿಯ ಹಕ್ಕನ್ನು ಒಪ್ಪಲಿಲ್ಲ. ನಿಯಮ ಇತ್ತು, ಬ್ರಿಟನ್ ಅದನ್ನು ತಿಳಿದೇ ಕೈಬಿಟ್ಟಿತು.

ಮರುಪ್ರಶ್ನೆ (ಕಾನೂನು ವಿದ್ಯಾರ್ಥಿನಿ):

ಇಬ್ಬರಿಗೂ ಕೃತಜ್ಞತೆಗಳು. ಆ ಮೊಕದ್ದಮೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಸಂದೇಹವಿದೆ: ಮೊದಲ 15 ಸಹಿಗಳ ಪಟ್ಟಿಯಲ್ಲಿ ಭಾರತದ ಹೆಸರೂ ಇದೆಯಲ್ಲ, ಸ್ವತಂತ್ರವಲ್ಲದ ದೇಶ ಸಹಿ ಹಾಕಿದ್ದು ಹೇಗೆ?

ಉತ್ತರ (ಇತಿಹಾಸದ ಮೇಷ್ಟ್ರು):

ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ ಭಾರತ ರಾಷ್ಟ್ರಸಂಘದ ಮೂಲ ಸದಸ್ಯರಲ್ಲೊಂದಾಗಿತ್ತು. ಕಾಗದದ ಮೇಲೆ ಅಂತರರಾಷ್ಟ್ರೀಯ ವ್ಯಕ್ತಿತ್ವ, ಆಡಳಿತದಲ್ಲಿ ವಸಾಹತು. ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ಪರವಾಗಿ ಸಹಿ ಹಾಕಿದ ಲಾರ್ಡ್ ಕುಶೆಂಡನ್ ಅವರೇ ಭಾರತದ ಪರವಾಗಿಯೂ ಸಹಿ ಹಾಕಿದರು. ಹೀಗೆ ಯುದ್ಧವನ್ನು ತ್ಯಜಿಸಿದ ಭಾರತವನ್ನು, 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿಥ್‌ಗೋ ಚುನಾಯಿತ ಪ್ರತಿನಿಧಿಗಳಲ್ಲಿ ಯಾರನ್ನೂ ಕೇಳದೆ ಯುದ್ಧದಲ್ಲಿದೆಯೆಂದು ಘೋಷಿಸಿದರು.

ವಕೀಲರ ಮಾತಿಗೆ ಒಂದು ಉತ್ತರ ಬಾಕಿಯಿದೆ. 1946ರಲ್ಲಿ ಜರ್ಮನಿಯ ನಾಜಿ ನಾಯಕರನ್ನು ವಿಚಾರಿಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ, ಪ್ಯಾರಿಸ್ ಒಪ್ಪಂದದಿಂದ ಯುದ್ಧ ಕಾನೂನುಬಾಹಿರವಾಗಿದ್ದುದರಿಂದ ಅದನ್ನು ಯೋಜಿಸಿ ನಡೆಸಿದವರು ಅಪರಾಧಿಗಳೆಂದು ಹೇಳಿತು. ಜಪಾನಿನ ನಾಯಕರನ್ನು ವಿಚಾರಿಸಿದ ಟೋಕಿಯೊ ನ್ಯಾಯಮಂಡಳಿಯ ಹನ್ನೊಂದು ನ್ಯಾಯಾಧೀಶರಲ್ಲಿ ಒಬ್ಬರಾಗಿದ್ದ ನಮ್ಮ ರಾಧಾವಿನೋದ ಪಾಲ್ ಅದನ್ನು ಒಪ್ಪಲಿಲ್ಲ. ಆತ್ಮರಕ್ಷಣೆ ಯಾವುದೆಂದು ತೀರ್ಮಾನಿಸುವ ಅಧಿಕಾರವನ್ನು ಆಯಾ ರಾಷ್ಟ್ರಕ್ಕೇ ಬಿಟ್ಟುಕೊಟ್ಟ ಒಪ್ಪಂದ ಯುದ್ಧವನ್ನು ಅಪರಾಧವಾಗಿಸಲಾರದೆಂದು ಅವರು ತಮ್ಮ ಭಿನ್ನ ತೀರ್ಪಿನಲ್ಲಿ ವಾದಿಸಿ, ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಬೇಕೆಂದರು. ಚೀನಾದಲ್ಲಿ ನಡೆದದ್ದನ್ನು ಓದಿದವನಾಗಿ ಆ ಬಿಡುಗಡೆಯನ್ನು ನಾನು ಒಪ್ಪಲಾರೆ. ಆದರೆ ಕೆಲ್ಲಾಗ್ ಅವರ 1928ರ ಪತ್ರವನ್ನು ಮುಂದಿಟ್ಟುಕೊಂಡಾಗ ಪಾಲ್ ಅವರ ವಾದವನ್ನು ಮುರಿಯುವುದು ಸುಲಭವಲ್ಲ. ಎರಡು ತೀರ್ಪುಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಮ್ಮ, ನಿನ್ನ ಪ್ರಶ್ನೆಯ ಮೇಲೆಯೇ ಅವೆರಡೂ ಬೇರೆಬೇರೆ ದಾರಿ ಹಿಡಿದಿವೆ.