ಗಂಡ ಇಂಜಿನಿಯರ್, ಹೆಂಡತಿ ನರ್ಸ್: ಜರ್ಮನಿಗೆ ಯಾವ ವೀಸಾ ಹಿಡಿಯಬೇಕು? ಹೋದವರು ಹೇಳಿ

ಪ್ರಶ್ನೆ

ನಮಸ್ಕಾರ. ನನಗೆ 33 ವರ್ಷ. ವಿಟಿಯು ಬಿ.ಇ. ಮೆಕ್ಯಾನಿಕಲ್. ಪೀಣ್ಯದ ಒಂದು ಕಂಪನಿಯಲ್ಲಿ ಡಿಸೈನ್ ಕೆಲಸ, 9 ವರ್ಷದ ಅನುಭವ. ಹೆಂಡತಿ ಬಿ.ಎಸ್ಸಿ. ನರ್ಸಿಂಗ್, ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದಾಳೆ. ಮಗಳಿಗೆ 4. ಇಬ್ಬರಿಗೂ ಜರ್ಮನಿ ಅಂತ ಮನಸ್ಸಿದೆ. ಒಂದು ಏಜೆನ್ಸಿಯವರು "3 ಲಕ್ಷ ಕೊಡಿ, ಆಪರ್ಚುನಿಟಿ ಕಾರ್ಡ್ ಮಾಡಿಸಿಕೊಡ್ತೀವಿ, ಹೋದ ಮೇಲೆ ಕೆಲಸ ಗ್ಯಾರಂಟಿ" ಅನ್ನುತ್ತಿದ್ದಾರೆ. ನನಗೆ ಜರ್ಮನ್ ಒಂದಕ್ಷರ ಬರುವುದಿಲ್ಲ. ಈ ಕಾರ್ಡ್ ನಂಬಬಹುದಾ? ಬೇರೆ ದಾರಿ ಇದೆಯಾ?

ಸ್ಟುಟ್‌ಗಾರ್ಟ್ ಹತ್ತಿರ ಇರುವವರು, ಬ್ಲೂ ಕಾರ್ಡ್

ಕಾರ್ಡ್ ನಿಜವಾದದ್ದೇ, ಇಲ್ಲಿಗೆ ಬಂದು ಒಂದು ವರ್ಷದೊಳಗೆ ಕೆಲಸ ಹುಡುಕಿಕೊಳ್ಳಲು ಕೊಡುವ ವೀಸಾ. 2024ರ ಜೂನ್‌ನಲ್ಲಿ ಶುರುವಾಯಿತು, ಇಲ್ಲಿ ಚಾನ್ಸನ್‌ಕಾರ್ಟೆ ಅನ್ನುತ್ತಾರೆ. ನಂಬಬಾರದ್ದು "ಗ್ಯಾರಂಟಿ" ಅನ್ನುವ ಮಾತನ್ನು. ವೀಸಾ ಶುಲ್ಕ 75 ಯೂರೋ. ಅರ್ಜಿ ನೀವೇ ಹಾಕಬಹುದು. ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ, ಕರ್ನಾಟಕ ಮತ್ತು ಕೇರಳ ಎರಡಕ್ಕೂ ಅದೇ. ಏಜೆನ್ಸಿಯವರಿಗೆ "ಯಾವ ಕಂಪನಿ, ಎಷ್ಟು ಸಂಬಳ, ಆಫರ್ ಲೆಟರ್ ತೋರಿಸಿ" ಅಂತ ಕೇಳಿ ನೋಡಿ. ಆಮೇಲೆ ಅವರೇ ಫೋನ್ ಮಾಡುವುದು ನಿಲ್ಲಿಸುತ್ತಾರೆ.

ಮೊದಲು ಮಾಡಬೇಕಾದ ಕೆಲಸ ಪುಕ್ಕಟೆ. ಹೊರದೇಶದ ಡಿಗ್ರಿಗೆ ಮಾನ್ಯತೆ ಇದೆಯಾ ಅಂತ ನೋಡಲು ಅನಾಬಿನ್ ಅಂತ ಜರ್ಮನ್ ಸರ್ಕಾರದ ಡೇಟಾಬೇಸ್ ಇದೆ. ಪುಟ ಪೂರ್ತಿ ಜರ್ಮನ್‌ನಲ್ಲಿದೆ, ಬ್ರೌಸರ್‌ನಲ್ಲಿ ಅನುವಾದ ಮಾಡಿಕೊಳ್ಳಿ. ಭಾರತ ಆರಿಸಿ ಯೂನಿವರ್ಸಿಟಿ ಹುಡುಕಿ. ಹೆಸರಿನ ಮುಂದೆ "ಎಚ್ ಪ್ಲಸ್" ಇರಬೇಕು, ಅಂದರೆ ಯೂನಿವರ್ಸಿಟಿಗೆ ಮಾನ್ಯತೆ ಇದೆ ಅಂತ. ಆಮೇಲೆ ಡಿಗ್ರಿಯನ್ನು ಬೇರೆಯಾಗಿ ಹುಡುಕಿ, ಅದು ಜರ್ಮನ್ ಡಿಗ್ರಿಗೆ ಸಮ ಅಂತ ಬರೆದಿರಬೇಕು. ಎರಡೂ ಇದ್ದರೆ ಪಿಡಿಎಫ್ ಇಳಿಸಿಕೊಂಡು ಫೈಲಿಗೆ ಸೇರಿಸಿ. ಡಿಗ್ರಿ ಸಿಗದಿದ್ದರೆ ಮಾತ್ರ ಹೊರದೇಶದ ಡಿಗ್ರಿ ಪರಿಶೀಲಿಸುವ ಝಡ್‌ಎಬಿ ಕಚೇರಿಯಿಂದ ಸರ್ಟಿಫಿಕೇಟ್ ಮಾಡಿಸಬೇಕು, 208 ಯೂರೋ.

ಅದಾದ ಮೇಲೆ ಬ್ಲೂ ಕಾರ್ಡ್‌ಗೆ, ಅಂದರೆ ಡಿಗ್ರಿ ಇರುವವರಿಗೆ ಕೊಡುವ ಕೆಲಸದ ವೀಸಾಗೆ, ಗುರಿ ಇಡಿ. ಕೈಯಲ್ಲಿ ಆಫರ್ ಬೇಕು, ಸಂಬಳಕ್ಕೆ ಕನಿಷ್ಠ ಮಿತಿ ಇದೆ. 2025ರಲ್ಲಿ ವರ್ಷಕ್ಕೆ 48,300 ಯೂರೋ. ಜನ ಸಿಗದ ಕೆಲಸಗಳ ಪಟ್ಟಿಯಲ್ಲಿ ಇಂಜಿನಿಯರಿಂಗ್ ಇರುವುದರಿಂದ ನಿಮ್ಮಂಥವರಿಗೆ ಆ ವರ್ಷ 43,759.80 ಸಾಕಿತ್ತು. ಪ್ರತಿ ಜನವರಿಯಲ್ಲಿ ಈ ಮಿತಿ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ್ದು ನೋಡಿ. ಬ್ಲೂ ಕಾರ್ಡ್‌ಗೆ ಜರ್ಮನ್ ಪರೀಕ್ಷೆ ಕೇಳುವುದಿಲ್ಲ. ಜೊತೆಗೆ ಬರುವ ಹೆಂಡತಿಗೂ ಕೇಳುವುದಿಲ್ಲ, ಅವರು ಬಂದ ದಿನದಿಂದ ಕೆಲಸ ಮಾಡಬಹುದು. ಎ1 ಅಂದರೆ ಆರಂಭದ ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ ಪಿಆರ್ (ಕಾಯಂ ವಾಸದ ಅನುಮತಿ). ಬಿ1 ಅಂದರೆ ಮಧ್ಯಮ ಮಟ್ಟದ ಜರ್ಮನ್ ಇದ್ದರೆ 21ಕ್ಕೇ.

ಒಂದು ಕಹಿ ಮಾತು. ಮೆಕ್ಯಾನಿಕಲ್ ಡಿಸೈನ್ ಅಂದ ತಕ್ಷಣ ಎಲ್ಲರಿಗೂ ಕಾರು ಕಂಪನಿಗಳೇ ಕಣ್ಮುಂದೆ ಬರುತ್ತವೆ. ಫೋಕ್ಸ್‌ವ್ಯಾಗನ್ 2030ರೊಳಗೆ 35,000ಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡುವುದಾಗಿ 2024ರ ಡಿಸೆಂಬರ್‌ನಲ್ಲಿ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡಿದೆ. ಅಲ್ಲಿಂದ ಹೊರಬಿದ್ದ ಇಂಜಿನಿಯರ್‌ಗಳೂ ನಿಮ್ಮ ಜೊತೆ ಅದೇ ಕ್ಯೂನಲ್ಲಿರುತ್ತಾರೆ, ಅವರಿಗೆ ಭಾಷೆ ಬೇರೆ ಬರುತ್ತದೆ. ಸಣ್ಣ ಊರುಗಳ ಮೆಷಿನ್ ಕಂಪನಿಗಳು, ಪಂಪು, ಪ್ಯಾಕೇಜಿಂಗ್, ಮೆಡಿಕಲ್ ಉಪಕರಣ, ಇವುಗಳ ಕಡೆ ನೋಡಿ. ಆದರೆ ಅಲ್ಲಿ ಸಪ್ಲೈಯರ್‌ಗೆ ಫೋನ್ ಮಾಡುವುದೂ ಜರ್ಮನ್‌ನಲ್ಲೇ. ಅದಕ್ಕೇ ವೀಸಾಗೆ ಬೇಡವಾದ ಭಾಷೆ ಕೆಲಸಕ್ಕೆ ಬೇಕೇ ಬೇಕಾಗುತ್ತದೆ.

ಬರ್ಲಿನ್‌ನಿಂದ, ಆಪರ್ಚುನಿಟಿ ಕಾರ್ಡ್‌ನಲ್ಲಿ ಬಂದವರು

ನಿಮಗೆ ಈ ಕಾರ್ಡ್ ಸಿಗುವುದು ಕಷ್ಟವೇ ಅಲ್ಲ. ಡಿಗ್ರಿಗೆ ಅನಾಬಿನ್‌ನಲ್ಲಿ ಪೂರ್ತಿ ಮಾನ್ಯತೆ ಇದ್ದರೆ ಪಾಯಿಂಟ್ ಲೆಕ್ಕವೇ ಬೇಡ. ಇಲ್ಲದಿದ್ದರೂ 6 ಪಾಯಿಂಟ್ ಸಾಕು. ವಯಸ್ಸು 35ರೊಳಗೆ, 2. ಕಳೆದ 7 ವರ್ಷದಲ್ಲಿ 5 ವರ್ಷ ನಿಮ್ಮದೇ ಕ್ಷೇತ್ರದ ಅನುಭವ, 3. ಇಂಗ್ಲಿಷ್ ಸಿ1 (ಮೇಲಿನ ಮಟ್ಟದ) ಸರ್ಟಿಫಿಕೇಟ್, 1. ಆಯ್ತಲ್ಲ. ಏಜೆನ್ಸಿಯವರು 3 ಲಕ್ಷಕ್ಕೆ ಮಾರುತ್ತಿರುವುದು ನಿಮ್ಮ ಹತ್ತಿರ ಈಗಾಗಲೇ ಇರುವುದನ್ನೇ.

ಕಷ್ಟ ಶುರುವಾಗುವುದು ಇಳಿದ ಮೇಲೆ. ಒಂದು ವರ್ಷದ ಖರ್ಚಿನ ದುಡ್ಡು ತೋರಿಸಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ, ಅಂದರೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) 13,092. ರೂಪಾಯಿಯಲ್ಲಿ 12 ಲಕ್ಷ ದಾಟುತ್ತದೆ. ಅದೂ ಒಬ್ಬರಿಗೆ. ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಮಾಡಬಹುದು. ಕಂಪನಿಯಲ್ಲಿ ಎರಡು ವಾರದ ಪ್ರಯೋಗದ ಕೆಲಸಕ್ಕೂ ಅವಕಾಶವಿದೆ. ಗೋದಾಮು, ಡೆಲಿವರಿ ಸಿಗುತ್ತದೆ. ನಿಮ್ಮ ಓದಿಗೆ ತಕ್ಕ ಕೆಲಸ ಆ ಒಂದು ವರ್ಷದೊಳಗೆ ಸಿಗಬೇಕು, ಗಡಿಯಾರ ಓಡುತ್ತಲೇ ಇರುತ್ತದೆ.

ಮನೆ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬಂದು ಮನೆ ಹಿಡಿದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು. ತಾತ್ಕಾಲಿಕವಾಗಿ ರೂಮು ಕೊಡುವ ಎಷ್ಟೋ ಜನ ಆ ಕಾಗದ ಮಾತ್ರ ಕೊಡುವುದಿಲ್ಲ. ನೋಂದಣಿ ಇಲ್ಲ ಅಂದರೆ ಟ್ಯಾಕ್ಸ್ ನಂಬರ್ ಬರುವುದಿಲ್ಲ, ಎಷ್ಟೋ ಬ್ಯಾಂಕುಗಳಲ್ಲಿ ಖಾತೆಯೂ ತೆರೆಯುವುದಿಲ್ಲ. ಇನ್ನೊಂದು, ಕೆಳಗಿನ ಲೆಟರ್‌ಬಾಕ್ಸ್ ಮೇಲೆ ನಿಮ್ಮ ಹೆಸರಿನ ಚೀಟಿ ಅಂಟಿಸಲೇಬೇಕು. ಹೆಸರಿಲ್ಲದಿದ್ದರೆ ಪೋಸ್ಟಿನವರು ಪತ್ರ ವಾಪಸ್ ಕಳಿಸುತ್ತಾರೆ. ಸಂದರ್ಶನದ ಮೇಲ್ ಫೋನಿಗೆ ಬರುತ್ತದೆ ನಿಜ, ಸರ್ಕಾರದ್ದು ಇನ್ನೂ ಲಕೋಟೆಯಲ್ಲೇ ಜಾಸ್ತಿ.

ಮಗು ಇರುವವರಿಗೆ ನಾನು ಈ ಕಾರ್ಡ್ ಹೇಳುವುದಿಲ್ಲ. ಒಂಟಿಯಾಗಿದ್ದು, ಬಿ1 ಮುಗಿಸಿ, ಕೈಯಲ್ಲಿ ದುಡ್ಡಿದ್ದರೆ ಬೇರೆ ಮಾತು.

ನ್ಯೂರೆಂಬರ್ಗ್‌ನಲ್ಲಿ ನರ್ಸ್, ಊರು ಮಂಡ್ಯ ಕಡೆ

ಎಲ್ಲರೂ ಗಂಡನ ವೀಸಾ ಬಗ್ಗೆಯೇ ಮಾತಾಡುತ್ತಿದ್ದೀರಿ. ಐಸಿಯು ನರ್ಸ್ ಮನೆಯಲ್ಲೇ ಇದ್ದಾರೆ, ಅವರ ದಾರಿ ಯಾಕೆ ನೋಡುತ್ತಿಲ್ಲ? ಇಲ್ಲಿ ಆಸ್ಪತ್ರೆಗಳೇ ನಮ್ಮನ್ನು ಹುಡುಕಿಕೊಂಡು ಬರುತ್ತವೆ.

ದಾರಿ ಹೀಗೆ. ಮೊದಲು ಭಾಷೆ. ವೀಸಾ ಹೊತ್ತಿಗೆ ಬಿ1 ಅಥವಾ ಅದರ ಮೇಲಿನ ಬಿ2, ನರ್ಸ್ ಲೈಸೆನ್ಸ್‌ಗೆ ಸಾಮಾನ್ಯವಾಗಿ ಬಿ2. ಆಮೇಲೆ ಹೋಗುವ ರಾಜ್ಯದ ಕಚೇರಿಗೆ ಸರ್ಟಿಫಿಕೇಟ್, ಸಿಲಬಸ್, ಅನುಭವದ ಪತ್ರ ಎಲ್ಲ ಅನುವಾದ ಮಾಡಿಸಿ ಕಳಿಸಬೇಕು. ಅವರು "ಇಷ್ಟು ಕೊರತೆ ಇದೆ" ಅಂತ ಒಂದು ಆದೇಶ ಕೊಡುತ್ತಾರೆ. ನಮ್ಮ ಕಡೆಯವರಿಗೆ ಹೆಚ್ಚಾಗಿ ಕೊರತೆ ಬಂದೇ ಬರುತ್ತದೆ, ಹೆದರಬೇಡಿ. ಆ ಆದೇಶ ಮತ್ತು ಆಸ್ಪತ್ರೆಯ ಆಫರ್ ಇಟ್ಟುಕೊಂಡು ಮಾನ್ಯತೆ ಪಡೆಯುವ ವೀಸಾದಲ್ಲಿ ಬರುತ್ತೀರಿ. ಸಹಾಯಕಿಯಾಗಿ ಕೆಲಸ ಮಾಡುತ್ತಾ ಒಂದು ಪರೀಕ್ಷೆ ಅಥವಾ ತರಬೇತಿ ಮುಗಿಸಿದರೆ ಪೂರ್ತಿ ನರ್ಸ್. ಸಂಬಳವೂ ಆಗ ಏರುತ್ತದೆ.

ಕೆಲಸದ ರೀತಿ ಬೇರೆ, ಇದನ್ನು ನಿಮ್ಮವರಿಗೆ ಈಗಲೇ ಹೇಳಿ. ನಮ್ಮಲ್ಲಿ ರೋಗಿಗೆ ಸ್ನಾನ, ಊಟ, ಬಟ್ಟೆ ಬದಲಿಸುವುದು ಮನೆಯವರೋ ಆಯಾಗಳೋ ನೋಡಿಕೊಳ್ಳುತ್ತಾರೆ. ಇಲ್ಲಿ ಅದು ನರ್ಸ್ ಕೆಲಸವೇ. ವಾರ್ಡಿನಲ್ಲಿ ರೋಗಿಯ ಹತ್ತಿರ ನೆಂಟರು ಇರುವುದಿಲ್ಲ. ಬೆಳಗಿನ ಶಿಫ್ಟಿನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ಒರೆಸಿ, ಹಲ್ಲುಸೆಟ್ಟು ತೊಳೆದು ಕೊಟ್ಟು, ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡಬೇಕು. ನಮ್ಮೂರಲ್ಲಿ ದಿನಕ್ಕೆ ಎಷ್ಟೋ ಕ್ಯಾನುಲಾ (ಡ್ರಿಪ್ ಕೊಡುವ ನಳಿಕೆ) ಹಾಕಿದ ಕೈ, ಇಲ್ಲಿ ಎಷ್ಟೋ ಕಡೆ ಅದನ್ನು ಡಾಕ್ಟರ್‌ಗಳೇ ಹಾಕುತ್ತಾರೆ. ಐಸಿಯುನಿಂದ ಬಂದವರಿಗೆ ಮೊದಮೊದಲು ಅವಮಾನ ಅನಿಸುತ್ತದೆ. ಕೆಲವರು ಅದೇ ಕಾರಣಕ್ಕೆ ವಾಪಸ್ ಹೋಗಿದ್ದಾರೆ.

ದುಡ್ಡಿನ ವಿಷಯ: ನರ್ಸ್‌ಗಳಿಂದ ಏಜೆನ್ಸಿ ದುಡ್ಡು ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ಇಲ್ಲಿ ನ್ಯಾಯವಾದ ನೇಮಕಾತಿಗೆ ಸರ್ಕಾರದ ಒಂದು ಗುಣಮಟ್ಟದ ಮುದ್ರೆ ಇದೆ. ಅದನ್ನು ಪಡೆದವರು ಖರ್ಚನ್ನು ಆಸ್ಪತ್ರೆಯಿಂದಲೇ ತೆಗೆದುಕೊಳ್ಳಬೇಕು. ಆದರೂ ಒಪ್ಪಂದ ಪೂರ್ತಿ ಓದಿ. "ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಯೂರೋ ಕಟ್ಟಬೇಕು" ಅನ್ನುವ ಸಾಲು ಎಲ್ಲೋ ಕೊನೆಯ ಪುಟದಲ್ಲಿರುತ್ತದೆ.

ಪ್ರಶ್ನೆ ಕೇಳಿದವರು

ಇದು ನಮ್ಮ ತಲೆಗೆ ಬಂದೇ ಇರಲಿಲ್ಲ. ಅವಳು ಮೊದಲು ಹೋದರೆ ನಾನು, ಮಗಳು ಯಾವಾಗ ಹೋಗಬಹುದು?

ನ್ಯೂರೆಂಬರ್ಗ್ ನರ್ಸ್

ಕುಟುಂಬ ವೀಸಾಗೆ ಸಂಬಳ ಸಾಲುತ್ತದೆ ಅಂತ ತೋರಿಸಬೇಕು. ಸಹಾಯಕಿಯ ಸಂಬಳದಲ್ಲಿ ಮೂರು ಜನ ಅಂದರೆ ಎಳೆದಾಟ. ನನಗೆ ಗೊತ್ತಿರುವವರು ಹೆಚ್ಚಾಗಿ ಪರೀಕ್ಷೆ ಪಾಸಾದ ಮೇಲೆ ಮನೆಯವರನ್ನು ಕರೆಸಿಕೊಂಡಿದ್ದಾರೆ. ಕುಟುಂಬ ವೀಸಾದಲ್ಲಿ ಬಂದ ಗಂಡನಿಗೆ ಯಾವ ಕೆಲಸಕ್ಕೂ ಅಡ್ಡಿಯಿಲ್ಲ. ಆಗ ನಿಮಗೆ ಬ್ಲೂ ಕಾರ್ಡ್ ಮಿತಿಯ ಚಿಂತೆಯೂ ಇರುವುದಿಲ್ಲ. 4 ವರ್ಷದ ಮಗಳನ್ನು ಬಿಟ್ಟಿರುವ ಮಾತು ನೀವಿಬ್ಬರೇ ಕೂತು ಆಡಬೇಕು. ಅದಕ್ಕೆ ನಾನು ಏನೂ ಹೇಳಲಾರೆ.

ಅಬುಧಾಬಿಯಿಂದ, ಮಂಗಳೂರಿನವರು

ಗಲ್ಫ್ ಕೂಡ ಯೋಚನೆಯಲ್ಲಿದ್ದರೆ ಒಂದೇ ಮಾತು. ಇಲ್ಲಿ ಕೆಲಸದ ವೀಸಾ ಕಂಪನಿಯೇ ಮಾಡಿಸಬೇಕು, ಖರ್ಚೂ ಅವರದ್ದೇ. ವಿಸಿಟ್ ವೀಸಾದಲ್ಲಿ ಬಂದು ಕೆಲಸ ಮಾಡಿ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಭಾರತದಲ್ಲಿ ನೋಂದಣಿಯಾದ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಏಜೆಂಟ್ ಹೆಸರನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಗಲ್ಫ್‌ಗೆ ಬರುವ ನರ್ಸ್‌ಗಳಿಗಂತೂ ಆ ಪೋರ್ಟಲ್ ಮೂಲಕವೇ ಕ್ಲಿಯರೆನ್ಸ್ ಬೇಕು, ಪಾಸ್‌ಪೋರ್ಟ್ ಯಾವ ಬಗೆಯದಾದರೂ.

ಮ್ಯೂನಿಕ್‌ನಿಂದ ವಾಪಸ್ ಬಂದು ಧಾರವಾಡದಲ್ಲಿರುವವರು

ಸಂಬಳದ ಅಂಕಿ ನೋಡಿ ಹಿಗ್ಗಬೇಡಿ. ವರ್ಷಕ್ಕೆ 48,300 ಅಂದರೆ ಒಂಟಿಯವರ ಕೈಗೆ ತಿಂಗಳಿಗೆ ಸುಮಾರು 2,600 ಯೂರೋ ಬರುತ್ತದೆ. ಮ್ಯೂನಿಕ್‌ನಲ್ಲಿ ಅದರ ಅರ್ಧ ಬಾಡಿಗೆಗೇ ಹೋಗಬಹುದು. ಮಗುವಿಗೆ ಸರ್ಕಾರ 2025ರಲ್ಲಿ ತಿಂಗಳಿಗೆ 255 ಯೂರೋ ಕೊಡುತ್ತಿತ್ತು, ಶಾಲೆ ಪುಕ್ಕಟೆ. ಶಿಶುವಿಹಾರ ಕಾನೂನಿನಲ್ಲಿ ಹಕ್ಕೇ, ಆದರೆ ಜಾಗಕ್ಕೆ ವೇಟಿಂಗ್ ಲಿಸ್ಟ್. ದೊಡ್ಡ ಊರಿನ ಹುಚ್ಚು ಬಿಡಿ, ಸಣ್ಣ ಊರಿನ ಆಸ್ಪತ್ರೆಗಳಲ್ಲಿ ಎಷ್ಟೋ ಕಡೆ ನರ್ಸ್‌ಗಳಿಗೆ ಮನೆಯನ್ನೂ ಹುಡುಕಿಕೊಡುತ್ತಾರೆ.

ಪ್ರಶ್ನೆ ಕೇಳಿದವರು

ಭಾಷೆ ಎಲ್ಲಿ ಕಲಿಯುವುದು? ಇಬ್ಬರಿಗೂ ಶಿಫ್ಟ್ ಇದೆ.

ಸ್ಟುಟ್‌ಗಾರ್ಟ್‌ನವರು

ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿ ಮ್ಯಾಕ್ಸ್‌ಮುಲ್ಲರ್ ಭವನ ಇದೆ, ಆನ್‌ಲೈನ್ ತರಗತಿಗಳೂ ಇವೆ. ಪಾಠ ಬೇರೆ ಕಡೆ ಕಲಿತರೂ ಪರೀಕ್ಷೆಯನ್ನು ಅಲ್ಲೇ ಬರೆಯಿರಿ, ಆ ಸರ್ಟಿಫಿಕೇಟ್ ಬಗ್ಗೆ ಕಾನ್ಸುಲೇಟ್‌ನಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಪರೀಕ್ಷೆಯ ಸೀಟು ಬೇಗ ತುಂಬುತ್ತದೆ, ತರಗತಿಗೆ ಸೇರಿದ ವಾರವೇ ದಿನಾಂಕ ನೋಡಿಟ್ಟುಕೊಳ್ಳಿ. ಅವರು ಬಿ2 ತನಕ ಹೋಗಲಿ, ನೀವು ಕನಿಷ್ಠ ಬಿ1. ಅಷ್ಟರಲ್ಲಿ ಇಬ್ಬರೂ ಅರ್ಜಿ ಹಾಕುತ್ತಿರಿ. ಯಾರ ಆಫರ್ ಮೊದಲು ಬರುತ್ತದೋ ಅವರ ಹೆಸರಲ್ಲಿ ವೀಸಾ.