ಕೊರವ ಮೀನಿನ ಸಾಫ್ಟ್ ಲೂರ್: ಪಿಒಪಿ ಅಚ್ಚಿನಲ್ಲಿ ಗುಳ್ಳೆ, ಬಾಲ ತುಂಬುತ್ತಿಲ್ಲ

ಹಿಡಕಲ್_ಗಾಳ (ಹುಕ್ಕೇರಿ):
ಎಲ್ಲರಿಗೂ ನಮಸ್ಕಾರ. ಹಿಡಕಲ್ ಹಿನ್ನೀರಿನ ಕೊರವ ಮೀನಿಗೆಂದು 10 ಸೆಂ.ಮೀ. ಉದ್ದದ ಪ್ಯಾಡಲ್ ಬಾಲದ (ತುದಿಯಲ್ಲಿ ಅಗಲ ತಟ್ಟೆಯಿರುವ) ಮೆತ್ತನೆಯ ಲೂರ್, ಅಂದರೆ ಗಾಳಕ್ಕೆ ಹಾಕುವ ಕೃತಕ ಮೀನು, ಹೊಯ್ಯಲು ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎರಡು ಹೋಳಿನ ಅಚ್ಚು ಮಾಡಿರುವೆ. ಪೆಟ್ಟಿಗೆ ಒಳಅಳತೆ 14×6 ಸೆಂ.ಮೀ., ಒಂದೊಂದು ಹೋಳು 3 ಸೆಂ.ಮೀ. ದಪ್ಪ. ಎರಡು ದಿನ ಒಣಗಿಸಿದೆ, ಮೇಲೆ ಏನೂ ಬಳಿದಿಲ್ಲ. ಪ್ಲಾಸ್ಟಿಸಾಲ್ (ಕಾಯಿಸಿ ಹೊಯ್ಯುವ ಪಿವಿಸಿ ದ್ರವ) ಸುರಿದರೆ ಲೂರ್ ಮೈತುಂಬ ಸಾಸಿವೆ ಕಾಳಿನಷ್ಟು ಗುಳ್ಳೆ. ಬಾಲದ ತಟ್ಟೆ ಅರ್ಧಕ್ಕೇ ನಿಲ್ಲುತ್ತದೆ. ಆರಿದ ಮೇಲೆ ಬೆನ್ನಿನಲ್ಲಿ ಗುಳಿ ಬೀಳುತ್ತದೆ. ಪ್ಲಾಸ್ಟಿಸಾಲ್ ಬದಲಿಸಬೇಕೇ, ಅಚ್ಚು ಬದಲಿಸಬೇಕೇ?

ಘಟಪ್ರಭಾ_ದಂಡೆ (ಗೋಕಾಕ):
ಅಣ್ಣಾರ, ಪ್ಲಾಸ್ಟಿಸಾಲ್ ಬದಲಿ ಮಾಡೂದು ಬ್ಯಾಡ್ರಿ. ಗುಳ್ಳಿ ಬರೂದು ಅಚ್ಚಿನ ಹಸಿಯಿಂದ. ಪಿಒಪಿ ಗಟ್ಟಿ ಆತು ಅಂದ್ರ ಒಣಗೇತಿ ಅಂತಲ್ಲ. 100 ಗ್ರಾಂ ಪುಡಿ ಗಟ್ಟಿ ಆಗಾಕ ಬೇಕಾಗೂದು 18-19 ಗ್ರಾಂ ನೀರು ಅಷ್ಟ. ಕಲಸಾಕ ನಾವು ಹಾಕೂದು 60 ಗ್ರಾಂ. ಉಳಿದ 40 ಗ್ರಾಂ ಒಳಗ ಕುಂತಿರತೈತಿ. 175 ಡಿಗ್ರಿ ಪ್ಲಾಸ್ಟಿಸಾಲ್ ತಗಲಿದ ಕೂಡಲೆ ಅದು ಆವಿ ಆಗಿ ಲೂರಿನ ಮೈಯಾಗ ತೂರತೈತಿ.

ಒಣಗಿದ್ದು ಗೊತ್ತಾಗಬೇಕಂದ್ರ ದಿನಾ ತಕ್ಕಡಿ ಮ್ಯಾಲ ಇಟ್ಟು ತೂಕ ಬರಕೋರಿ. ಎರಡು ದಿನ ಬೆನ್ನಿಗೆ ಬೆನ್ನು ತೂಕ ಇಳೀಲಿಲ್ಲಂದ್ರ ಒಣಗಿತು. ತಕ್ಕಡಿ ಇಲ್ಲಂದ್ರ ಕೆನ್ನೆಗೆ ಹಚ್ಚಿ ನೋಡ್ರಿ, ತಣ್ಣಗ ಹತ್ತಿದ್ರ ಇನ್ನೂ ಹಸಿ ಐತಿ. ಬೆಳಗಾವಿ ಕಡೆ ಮಳಿಗಾಲದಾಗ ವಾರ ಹಿಡದ್ರೂ ಹಿಡೀತೈತಿ. ಅವಸರ ಆಗಿ ಓವನ್‌ದಾಗ ಇಡೂದಿದ್ರ 45-50 ಡಿಗ್ರಿ ದಾಟಿಸಬ್ಯಾಡ್ರಿ. ಹೆಚ್ಚು ಕಾವು ಕೊಟ್ರ ಗಟ್ಟಿ ಆಗಾಕ ಹಿಡಕೊಂಡ ನೀರೂ ಹೊಂಟು ಹೋಗಿ ಅಂಚು ಸುಣ್ಣದಂಗ ಉದರತಾವು.

ಒಣಗಿದ ಮ್ಯಾಲ ಬಳಿಯೂದು ಬೇಕ ಬೇಕು. ನಿಧಾನ ಗಟ್ಟಿ ಆಗೂ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚೂ ಅಂಟು) ತಗೋರಿ, ಐದು ನಿಮಿಷದ್ದು ಬ್ಯಾಡ, ಅದು ಬಿಸಿಗೆ ಮೆತ್ತಗಾಗತೈತಿ. ಅಚ್ಚನ್ನ ಬಿಸಿಲಾಗ ಬೆಚ್ಚಗ ಮಾಡಿ ಹಚ್ಚಿದ್ರ ಎಪಾಕ್ಸಿ ತೆಳ್ಳಗಾಗಿ ಒಳಗ ಇಳೀತೈತಿ. ಹೆಚ್ಚಾದದ್ದು ಒಣಾ ಬ್ರಶ್‌ನಿಂದ ಎತ್ತಿಬಿಡ್ರಿ, ಇಲ್ಲಂದ್ರ ಮೈಮ್ಯಾಲಿನ ಗೆರಿ ಮುಚ್ಚಿ ಹೋಗತಾವು. ಎರಡು ಕೈ ಬಳದು 24 ತಾಸು ಬಿಡ್ರಿ. ಫೆವಿಕಾಲ್‌ನ್ನ ಸಮಸಮ ನೀರಾಗ ಕಲಸಿ ಮೂರು ಕೈ ಹಚ್ಚಿದ್ರೂ ನಡೀತೈತಿ, ಬಾಳಿಕಿ ಕಡಿಮಿ. ಮ್ಯಾಲ ಅದರಾಗಿನ ನೀರು ಮತ್ತ ಒಣಗಬೇಕು.

ಮತ್ತೊಮ್ಮೆ ಹೊಯ್ಯೂದಾದ್ರ ನಿಮ್ಮ ಪೆಟಗಿ ಲೆಕ್ಕ ಹಿಂಗೈತಿ: 14×6×3 ಅಂದ್ರ 252 ಮಿ.ಲೀ. ಒಂದು ಹೋಳಿಗೆ 260 ಗ್ರಾಂ ಪುಡಿ, 156 ಮಿ.ಲೀ. ನೀರು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹಾಕಬಾರದು. ಎರಡು ನಿಮಿಷ ನೆನೆಯಾಕ ಬಿಟ್ಟು ನಿಧಾನ ತಿರುವ್ರಿ. ಮಜ್ಜಿಗಿ ಕಡದಂಗ ಕಡದ್ರ ಗಾಳಿ ಸೇರತೈತಿ. ಮೊದಲ ಪದರನ್ನ ಮೆತ್ತನ್ನ ಬ್ರಶ್‌ನಿಂದ ಮಾದರಿ (ಅಚ್ಚು ತಗಿಯೂ ಮೂಲ ಲೂರ್) ಮ್ಯಾಲ ಹಚ್ಚಿ, ಆಮ್ಯಾಲ ಉಳಿದದ್ದು ಸುರೀರಿ.

ಆಲಮಟ್ಟಿ_ಹಿನ್ನೀರು (ನಿಡಗುಂದಿ):
ಗುಳ್ಳೆ ವಿಷಯ ಮೇಲಿನವರು ಹೇಳಿದ್ದೇ ಸರಿ. ಬಾಲದ ಸಮಸ್ಯೆ ಬೇರೆ. ಅದು ಗಾಳಿಯದು. ಪ್ಯಾಡಲ್ ಬಾಲದ ಕುತ್ತಿಗೆ ಸಣ್ಣ, ತಟ್ಟೆ ಅಗಲ. ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಎಷ್ಟು ಸುರಿದರೂ ಪ್ಲಾಸ್ಟಿಸಾಲ್ ಅಲ್ಲೇ ನಿಲ್ಲುತ್ತದೆ. ತಟ್ಟೆಯ ತುದಿಯಿಂದ ಅಚ್ಚಿನ ಅಂಚಿನವರೆಗೆ ಸೂಜಿಯಿಂದ ಒಂದು ಮಿ.ಮೀ. ಅಗಲದ ಗೆರೆ ಗೀರಿ. ತಟ್ಟೆಯ ಎರಡೂ ಮೂಲೆಗೆ ಒಂದೊಂದು ಇದ್ದರೆ ಇನ್ನೂ ಚೆನ್ನ. ಈ ಗೆರೆಗಳನ್ನು ಎಪಾಕ್ಸಿ ಬಳಿಯುವ ಮೊದಲೇ ಗೀರಬೇಕು, ಬಳಿಯುವಾಗ ಮುಚ್ಚದಂತೆ ನೋಡಿಕೊಳ್ಳಬೇಕು. ಕುತ್ತಿಗೆ 3 ಮಿ.ಮೀ.ಗಿಂತ ಸಣ್ಣದಿದ್ದರೆ ಮಾದರಿಯನ್ನೇ ತಿದ್ದಿ.

ತಣ್ಣನೆಯ ಅಚ್ಚೂ ಒಂದು ಕಾರಣ. ಪ್ಲಾಸ್ಟಿಸಾಲ್ ಕುತ್ತಿಗೆ ದಾಟುವ ಮೊದಲೇ ಹೆಪ್ಪುಗಟ್ಟುತ್ತದೆ. ಮೊದಲ ಎರಡು-ಮೂರು ಲೂರ್ ಅಚ್ಚು ಬೆಚ್ಚಗಾಗಲಿಕ್ಕೆ ಎಂದೇ ತಿಳಿಯಿರಿ, ಅವನ್ನು ಮತ್ತೆ ಕರಗಿಸಬಹುದು. ಇಂಥ ಬಾಲಕ್ಕೆ ಸುರಿಯುವುದಕ್ಕಿಂತ ಅಲ್ಯೂಮಿನಿಯಂ ಇಂಜೆಕ್ಟರ್‌ನಿಂದ (ಪಿಚಕಾರಿಯಂಥ ಸಾಧನ) ಒತ್ತುವುದೇ ಮೇಲು.

ಬೆನ್ನಿನ ಗುಳಿಗೆ ಕಾರಣ, ಪ್ಲಾಸ್ಟಿಸಾಲ್ ಆರುವಾಗ ಕುಗ್ಗುವುದು. ಸುರಿಯುವ ಬಾಯಿಯನ್ನು 10-12 ಮಿ.ಮೀ. ಅಗಲಕ್ಕೆ ಆಲಿಕೆಯಂತೆ ಕೊರೆದು ತುಂಬಿ ನಿಲ್ಲಿಸಿದರೆ, ಕುಗ್ಗಿದಷ್ಟನ್ನು ಲೂರ್ ಅಲ್ಲಿಂದ ಎಳೆದುಕೊಳ್ಳುತ್ತದೆ. ಇಂಜೆಕ್ಟರ್ ಆದರೆ ತುಂಬಿದ ಮೇಲೂ 15 ಸೆಕೆಂಡ್ ಒತ್ತಿ ಹಿಡಿಯಿರಿ.

ಗೋಳಗುಮ್ಮಟ_ಆಂಗ್ಲರ್ (ವಿಜಯಪುರ):
ಬಿಸಿಯ ಬಗ್ಗೆ ಒಂದು ಮಾತು. ಪ್ಲಾಸ್ಟಿಸಾಲ್ ಮೊದಲು ಹಾಲಿನಂತಿರುತ್ತದೆ, ಕಾಯುತ್ತಾ ಮುದ್ದೆಯಾಗುತ್ತದೆ, ಆಮೇಲೆ ಮತ್ತೆ ತೆಳ್ಳಗಾಗಿ ತಿಳಿಯಾಗುತ್ತದೆ. ತಿಳಿಯಾಗುವುದು 170-180 ಡಿಗ್ರಿಯಲ್ಲಿ, ಸುರಿಯಬೇಕಾದದ್ದೂ ಆಗಲೇ. ಅದಕ್ಕೂ ಮೊದಲೇ ಸುರಿದರೆ ಲೂರ್ ಎಳೆದಲ್ಲಿ ಹರಿಯುತ್ತದೆ. ಹಳದಿಗೆ ತಿರುಗಿ ಹೊಗೆ ಎದ್ದರೆ ಪಿವಿಸಿ ಸುಡುತ್ತಿದೆ ಎಂದರ್ಥ. ಆ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ, ಉಸಿರು ಬಿಗಿಹಿಡಿದು ಒಲೆ ಆರಿಸಿ ದೂರ ಸರಿಯಿರಿ. ಕೆಲಸ ಬಯಲಿನಲ್ಲೇ ಆಗಲಿ, ಅಡುಗೆಮನೆ ಪಾತ್ರೆ, ಮೈಕ್ರೋವೇವ್ ಬೇಡವೇ ಬೇಡ. ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ, ಚರ್ಮದ ಕೈಗವಸು ಮತ್ತು ಕನ್ನಡಕ ಇರಲಿ.

ಹಿಡಕಲ್_ಗಾಳ:
ತುಂಬಾ ಉಪಕಾರವಾಯಿತು. ಎರಡು ಹೋಳು ಮತ್ತು ಮಾದರಿ ಒಂದಕ್ಕೊಂದು ಅಂಟಿ ಅಂಚು ಸೀಳಿದೆ. ಹೊಸದು ಮಾಡುವಾಗ ಸಿಲಿಕೋನ್ ತೆಗೆದುಕೊಂಡರೆ ಹೇಗೆ?

ಘಟಪ್ರಭಾ_ದಂಡೆ:
ಅಂಟೂದಕ್ಕ ಎರಡು ಕಾರಣ. ಮೊದಲ ಹೋಳಿನ ಮುಖಕ್ಕ ವ್ಯಾಸಲಿನ್ ತೆಳ್ಳಗ, ಎಲ್ಲಾ ಕಡೆ ಹಚ್ಚಬೇಕು, ಮುದ್ದಿ ಮುದ್ದಿ ಹಚ್ಚಿದ್ರ ಗೆರಿ ಬೀಳತಾವು. ಎರಡನೇದು, ಎರಡು ಹೋಳು ಕೂಡೂ ಗೆರಿ ಮಾದರಿಯ ಎಲ್ಲಕ್ಕೂ ಅಗಲ ಜಾಗದಾಗ ಬರಬೇಕು. ಅರ್ಧಕ್ಕಿಂತ ಹೆಚ್ಚು ಮುಳುಗಿಸಿದ್ರ ಪಿಒಪಿ ಅಡ್ಡ ಹಿಡದು ಅಂಚು ಸೀಳತೈತಿ.

ಸಿಲಿಕೋನ್‌ದಾಗ ಮಾದರಿ ಹಿಡಿಯೂ ಕಿರಿಕಿರಿ ಇಲ್ಲ, ಒಣಗಿಸೂ ಕೆಲಸ ಇಲ್ಲ. ಆದ್ರ ಸಿಲಿಕೋನ್ ಸಿಲಿಕೋನ್‌ಗ ಹತ್ತತೈತಿ, ಅಲ್ಲೂ ವ್ಯಾಸಲಿನ್ ಬೇಕು. ಪ್ಲಾಟಿನಂ ಸಿಲಿಕೋನ್ (ಪ್ಲಾಟಿನಂನಿಂದ ಗಟ್ಟಿ ಆಗೂ ಬಗಿ) ಇದ್ದು, ಮಾದರಿ ಗಂಧಕ ಬೆರೆತ ಕ್ಲೇದಾಗ (ಮಾದರಿ ಕೂಡ್ರಸೂ ಮೆತ್ತನ್ನ ಮಣ್ಣು) ಕುಂತಿದ್ರ, ತಗಲಿದ ಕಡೆ ಜಿಗಿಜಿಗಿ ಉಳೀತೈತಿ. ಲೂರ್ ಆರಾಕ ಪಿಒಪಿಗಿಂತ ಹೆಚ್ಚು ಹೊತ್ತು ಹಿಡೀತೈತಿ. ಎರಡೂ ಕಡೆ ಪ್ಲೈವುಡ್ ತುಂಡು ಇಟ್ಟು ರಬ್ಬರ್ ಬ್ಯಾಂಡ್ ಹಾಕ್ರಿ, ಬರೇ ರಬ್ಬರ್ ಬ್ಯಾಂಡ್ ಬಿಗದ್ರ ಅಚ್ಚು ಬಾಗಿ ಲೂರ್ ಚಪ್ಪಟಿ ಬರತೈತಿ.

ಹೊಯ್ದ ಲೂರ್ ಇಡಾಕ ಜಿಪ್ ಚೀಲ ಸಾಕು. ಗಟ್ಟಿ ಪ್ಲಾಸ್ಟಿಕ್ ಲೂರಿನ ಡಬ್ಬಿಯಾಗ ಹಾಕಬ್ಯಾಡ್ರಿ, ಇದರಾಗಿನ ಎಣ್ಣಿ ಅವನ್ನ ಕರಗಿಸಿ ಎಲ್ಲಾ ಅಂಟಿಸಿಬಿಡತೈತಿ.