ಶಾಲೆಯ ಹಿಂದಿನ ಖಾಲಿ ಜಾಗವನ್ನು ಮಕ್ಕಳೇ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಬೇಕು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಚಿತ್ರಕಲಾ ಶಿಕ್ಷಕಿ, ಚಿತ್ರದುರ್ಗ

ನಾನು ಚಿತ್ರದುರ್ಗದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಬಿಸಿಯೂಟದ ಅಡುಗೆಮನೆಗೂ ದಕ್ಷಿಣದ ಕಾಂಪೌಂಡ್ ಗೋಡೆಗೂ ನಡುವೆ ಸುಮಾರು 30 ಅಡಿ ಅಗಲ, 80 ಅಡಿ ಉದ್ದದ ಜಾಗ ಬಹಳ ಕಾಲದಿಂದ ಖಾಲಿ ಬಿದ್ದಿದೆ. ಒಂದು ಬೇವಿನ ಮರ, ಮುರಿದ ಡೆಸ್ಕುಗಳ ರಾಶಿ, ಉಳಿದದ್ದೆಲ್ಲ ಜಾಲಿ ಮತ್ತು ಕಲ್ಲು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾದಂತೆ ಮಕ್ಕಳ ಮುಖ ಹೇಗೆ ಬಿಗಿಯುತ್ತದೆ ಎಂಬುದನ್ನು ಪ್ರತಿ ವರ್ಷ ನೋಡುತ್ತೇನೆ. ಸ್ವಲ್ಪ ಹೊತ್ತು ಯಾರ ಪ್ರಶ್ನೆಯೂ ಇಲ್ಲದೆ ಕುಳಿತುಕೊಳ್ಳಲು ಅವರಿಗೆ ಶಾಲೆಯಲ್ಲಿ ಒಂದು ಮೂಲೆಯೂ ಇಲ್ಲ.

ಒಂಬತ್ತನೆಯ ತರಗತಿಯವರೇ ಈ ಜಾಗವನ್ನು ಮನಸ್ಸು ಹಗುರಾಗುವ ತಾಣವಾಗಿ ವಿನ್ಯಾಸ ಮಾಡಲಿ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನೂ ಅದರ ಜೊತೆಗೇ ಕಲಿಯಲಿ ಎಂದು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಚೆನ್ನಾಗಿ ಬಂದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಮುಂದೆ ಇಡುತ್ತೇವೆ. ನಮ್ಮ ಕಂಪ್ಯೂಟರುಗಳು ಹಳೆಯವು, ಇಂಟರ್ನೆಟ್ ಬಂದರೆ ಬಂತು. ಮೊದಲು ಕಾಗದದ ಮೇಲೆ ಬರೆಸಿ ನೋಡಿದೆ. ಕಾರಂಜಿ, ಹುಲ್ಲುಹಾಸು, ಬಣ್ಣದ ದೀಪ, ಸೆಲ್ಫಿಗೊಂದು ಹೃದಯದಾಕಾರದ ಚೌಕಟ್ಟು. ಎಲ್ಲರದೂ ಕಲ್ಯಾಣ ಮಂಟಪದ ಅಂಗಳದಂತೆ ಕಾಣುತ್ತಿತ್ತು. ಮಕ್ಕಳ ಕಲ್ಪನೆಯನ್ನು ಮುರಿಯುವ ಮನಸ್ಸಿಲ್ಲ. ಆದರೆ ನೋಡಲು ಹೇಗಿದೆ ಎಂಬುದರಿಂದ ಕುಳಿತಾಗ ಹೇಗನ್ನಿಸುತ್ತದೆ ಎಂಬುದರ ಕಡೆಗೆ ಅವರನ್ನು ತಿರುಗಿಸುವುದು ಹೇಗೆ? ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ನಕ್ಷೆ ಬರೆಯುವವನು, ದಾವಣಗೆರೆ

ಮೇಡಂ, ಕಟ್ಟಡದ ನಕ್ಷೆ ಬರೆಯುವುದು ನನ್ನ ಉದ್ಯೋಗ. ರಜೆಯಲ್ಲಿ ಹೈಸ್ಕೂಲು ಮಕ್ಕಳಿಗೆ ನಕ್ಷೆ ಕಲಿಸುತ್ತೇನೆ. ನಿಮ್ಮ ಕೆಲಸದ ಬಗ್ಗೆ ಓದಿ ಬಹಳ ಸಂತೋಷವಾಯಿತು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಏನು ಇಡೋಣ ಎಂದು ಮಕ್ಕಳನ್ನು ಕೇಳಬೇಡಿ. ಯಾವ ಹೊತ್ತಿಗೆ ಕುಳಿತುಕೊಳ್ಳುತ್ತೀರಿ ಎಂದು ಕೇಳಿ. ಊಟವಾದ ಮೇಲೆ ಒಂದೂಕಾಲಕ್ಕೋ, ಸಂಜೆಯ ವಿಶೇಷ ತರಗತಿಗೆ ಮುಂಚೆ ನಾಲ್ಕೂವರೆಗೋ? ಇದನ್ನು ಅವರೇ ಚರ್ಚಿಸಿ ತೀರ್ಮಾನಿಸಲಿ. ಹೊತ್ತು ನಿಗದಿಯಾದ ಕೂಡಲೇ ವಿನ್ಯಾಸಕ್ಕೆ ಒಂದು ಗುರಿ ಸಿಗುತ್ತದೆ, ಕಾರಂಜಿಯ ಮಾತು ತಾನಾಗಿಯೇ ಹಿಂದೆ ಸರಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ನೆಮ್ಮದಿ ಎಂದರೆ ಮೊದಲು ನೆರಳು.

ಇಲ್ಲಿ ಕಂಪ್ಯೂಟರು ನಿಜವಾಗಿ ಕೆಲಸಕ್ಕೆ ಬರುತ್ತದೆ. ಸ್ವೀಟ್ ಹೋಮ್ 3ಡಿ ಎಂಬ ಉಚಿತ ತಂತ್ರಾಂಶವಿದೆ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ಮನೆಯ ಒಳಾಂಗಣಕ್ಕೆಂದು ಮಾಡಿದ್ದಾದರೂ ಗೋಡೆ, ಮರ, ಬೆಂಚುಗಳಿಗೆ ಧಾರಾಳವಾಗಿ ಸಾಕು. ಅದರಲ್ಲೊಂದು ದಿಕ್ಸೂಚಿಯಿದೆ. ಅದಕ್ಕೆ ಚಿತ್ರದುರ್ಗದ ಅಕ್ಷಾಂಶ 14.2, ರೇಖಾಂಶ 76.4 ಎಂದು ಕೊಟ್ಟು ಉತ್ತರ ದಿಕ್ಕನ್ನು ಸರಿಯಾಗಿ ತಿರುಗಿಸಿದರೆ, ಚಿತ್ರ ತೆಗೆಯುವಾಗ ದಿನಾಂಕ ಮತ್ತು ಗಂಟೆ ಹೇಳಿ ಆ ಕ್ಷಣದ ನೆರಳನ್ನು ನೋಡಬಹುದು.

ಆಗ ಮಕ್ಕಳಿಗೆ ಒಂದು ಬೆರಗು ಕಾದಿರುತ್ತದೆ. ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿರುತ್ತಾನೆ ಎಂದು ಅವರು ನಂಬಿರುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ನೆತ್ತಿಗೆ ಬರುವುದೂ ಗಡಿಯಾರದ 12ಕ್ಕಲ್ಲ, ಸರಾಸರಿ 12.25ರ ಆಸುಪಾಸಿನಲ್ಲಿ. ನಿಮ್ಮ ದಕ್ಷಿಣದ ಗೋಡೆ ಆರಡಿ ಎತ್ತರವಿದೆ ಎಂದುಕೊಳ್ಳೋಣ. ಡಿಸೆಂಬರ್ ನಡುಮಧ್ಯಾಹ್ನ ಅದರ ನೆರಳು ಸುಮಾರು ನಾಲ್ಕೂವರೆ ಅಡಿ ಒಳಗೆ ಬೀಳುತ್ತದೆ. ಜೂನ್ ಕೊನೆಯಲ್ಲಿ ಒಂದಡಿಯಷ್ಟು ನೆರಳು ಗೋಡೆಯ ಆಚೆ, ರಸ್ತೆಯ ಕಡೆಗೆ ಬೀಳುತ್ತದೆ! ಗೋಡೆಗೆ ಒರಗಿಸಿ ಬೆಂಚು ಹಾಕಿದವರ ನಕ್ಷೆ ಅಲ್ಲೇ ಬದಲಾಗುತ್ತದೆ. ನಾಲ್ಕೂವರೆಯ ಬಿಸಿಲಿಗೆ ಪಶ್ಚಿಮದಲ್ಲಿ ಮರ ಬೇಕು ಎಂಬುದೂ ಅವರಿಗೆ ತಾವಾಗಿಯೇ ತಿಳಿಯುತ್ತದೆ. ಇದನ್ನು ನೀವು ಹೇಳಬೇಡಿ. ಅವರೇ ಕಂಡುಕೊಳ್ಳಲಿ.

ಪರದೆಯನ್ನು ಕಣ್ಣುಮುಚ್ಚಿ ನಂಬಲು ಮಾತ್ರ ಬಿಡಬೇಡಿ. ಬೇವಿನ ನೆರಳಿನ ಅಂಚಿಗೆ ಸುಣ್ಣದ ಗೆರೆ ಹಾಕಿಸಿ, ಅದೇ ದಿನ ಅದೇ ಗಂಟೆಯ ಚಿತ್ರದೊಂದಿಗೆ ಹೋಲಿಸಿ. ಎರಡೂ ಹೊಂದದಿದ್ದರೆ ಹೆಚ್ಚಾಗಿ ಉತ್ತರ ದಿಕ್ಕು ತಪ್ಪಿರುತ್ತದೆ. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಗೇಟಿನ ಹತ್ತಿರ ಸರಿಯಾಗಿ ತೋರಿಸುವುದಿಲ್ಲ.

ಇನ್ನು ಶಬ್ದ. ಒಬ್ಬೊಬ್ಬರನ್ನು ಒಂದೊಂದು ಕಡೆ ಕಣ್ಣುಮುಚ್ಚಿ ಕೂರಿಸಿ, ಕೇಳಿದ್ದನ್ನೆಲ್ಲ ಬರೆಸಿ: ಪಾತ್ರೆ, ಬೈಕು, ಗಿಳಿ, ದೂರದ ಹೆದ್ದಾರಿಯ ಲಾರಿ. ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಿಂದ ಒಂದು ಮೂಲೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಅಳೆಯಬಹುದು. ಫೋನ್ ಒಂದೇ ಇರಲಿ, ಏಕೆಂದರೆ ಒಂದು ಫೋನಿನ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಒಂದು ಸಾಲು ಗಿಡ ನೆಟ್ಟರೆ ಸದ್ದು ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಸದ್ದನ್ನು ತಡೆಯುವುದು ಗೋಡೆ, ಗಿಡ ತಡೆಯುವುದು ಬಹಳ ಕಡಿಮೆ. ಆದರೆ ಎಲೆ ಅಲುಗುವ ಸದ್ದು, ಹಕ್ಕಿಯ ಸದ್ದು ನಮ್ಮ ಗಮನವನ್ನು ಲಾರಿಯಿಂದ ತಮ್ಮ ಕಡೆಗೆ ಸೆಳೆಯುತ್ತವೆ.

ಕೊನೆಯದಾಗಿ, ನಿಮ್ಮ ಊರಿನಲ್ಲೇ ದೊಡ್ಡ ಪಾಠಶಾಲೆಯಿದೆ. ಮಕ್ಕಳನ್ನು ಏಳುಸುತ್ತಿನ ಕೋಟೆಗೆ ಕರೆದುಕೊಂಡು ಹೋಗಿ, ಇಷ್ಟ ಬಂದಲ್ಲಿ ಕುಳಿತುಕೊಳ್ಳಲು ಹೇಳಿ. ಬೆನ್ನಿಗೆ ಬಂಡೆ, ಮುಂದೆ ಬಯಲು ಅಥವಾ ಹೊಂಡದ ನೀರು ಇರುವ ಜಾಗಗಳನ್ನೇ ಹೆಚ್ಚಿನವರು ಹುಡುಕುತ್ತಾರೆ. ತನ್ನನ್ನು ಮರೆಮಾಡಿಕೊಂಡು ದೂರವನ್ನು ನೋಡಬಲ್ಲ ಜಾಗ ಮನುಷ್ಯನಿಗೆ ಹಿತವೆನಿಸುತ್ತದೆ ಎಂದು ಬ್ರಿಟಿಷ್ ಭೂಗೋಳಶಾಸ್ತ್ರಜ್ಞ ಜೇ ಆಪಲ್ಟನ್ 1975ರಲ್ಲಿ ವಾದಿಸಿದರು. ಮಕ್ಕಳು ಅದನ್ನು ಕೋಟೆಯ ಮೇಲೆ ಕುಳಿತೇ ಕಲಿಯಬಲ್ಲರು. ಕುಳಿತ ಜಾಗವನ್ನು ಅಳೆದು ಬರಲಿ: ಬೆನ್ನಿನ ಕಲ್ಲು ಎಷ್ಟು ಎತ್ತರ, ಮುಂದೆ ಎಷ್ಟು ದೂರ ಕಾಣುತ್ತದೆ. ಆ ಅಳತೆಗಳನ್ನೇ ನಕ್ಷೆಗೆ ತರಲಿ.

ಎಸ್‌ಡಿಎಂಸಿಯಲ್ಲಿ ಇದೆಲ್ಲ ಏಕೆ ಎಂದು ಯಾರಾದರೂ ಕೇಳಿದರೆ, ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೇಳಿ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ 23 ಜೋಡಿಗಳನ್ನು ಹೋಲಿಸಿದ್ದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವಿನ ಔಷಧವನ್ನೂ ಕಡಿಮೆ ತೆಗೆದುಕೊಂಡರು.

ಉತ್ತರ: ವಿಜ್ಞಾನ ಶಿಕ್ಷಕಿ, ಹರಿಹರ

ಮೇಲಿನ ಸರ್ ಹೇಳಿದ ಬೆನ್ನಿಗೆ ಬಂಡೆಯ ಮಾತಿಗೆ ಒಂದು ಸೇರ್ಪಡೆ. ಹುಡುಗಿಯರನ್ನು ಪ್ರತ್ಯೇಕವಾಗಿ ಕೇಳಿ ಮೇಡಂ. ನಮ್ಮ ಶಾಲೆಯಲ್ಲಿ ಹುಡುಗರು ಆರಿಸಿದ ಮೂಲೆಗಳಿಗೆ ಹುಡುಗಿಯರು ಕಾಲಿಡುವುದಿಲ್ಲ. ತೀರಾ ಮರೆಯಾಗಿದ್ದರೆ ಭಯ, ತೀರಾ ಬಯಲಾಗಿದ್ದರೆ ಎಲ್ಲರ ಕಣ್ಣು. ಹತ್ತು ವರ್ಷ ದಾಟಿದ ಹುಡುಗಿಯರು ಉದ್ಯಾನಗಳಿಗೆ ಬರುವುದನ್ನು ಕಡಿಮೆ ಮಾಡುತ್ತಾರೆ ಎಂಬುದನ್ನು ವಿಯೆನ್ನಾ ನಗರದವರು 1990ರ ದಶಕದಲ್ಲೇ ಗಮನಿಸಿ, ಕೆಲವು ಉದ್ಯಾನಗಳನ್ನು ಅವರಿಗೂ ಒಗ್ಗುವಂತೆ ಮತ್ತೆ ವಿನ್ಯಾಸ ಮಾಡಿದರು.

ಅದೇ ತಂತ್ರಾಂಶದಲ್ಲಿ ನಕ್ಷೆಯ ಒಳಗೆ ನಡೆದಾಡುವ ಸೌಲಭ್ಯವಿದೆ. ಕಣ್ಣಿನ ಎತ್ತರವನ್ನು ಕುಳಿತವರ ಎತ್ತರಕ್ಕೆ ಇಳಿಸಿ ನೋಡಲಿ. ಬೆಂಚಿನ ಮೇಲಿನ ಹುಡುಗಿಗೆ ಒಳಗೆ ಬರುವವರು ಕಾಣುತ್ತಾರೆಯೇ? ಹೊರಗೆ ಹೋಗಲು ಎರಡು ದಾರಿ ಇವೆಯೇ? ಮೇಲಿನಿಂದ ನೋಡಿದ ನಕ್ಷೆಯಲ್ಲಿ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಗಣಕದಲ್ಲಿ ಆಟವಾಡುವ ಮಕ್ಕಳಿದ್ದರೆ ಲುವಾಂಟಿ ಎಂಬ ಉಚಿತ ಆಟದಲ್ಲಿಯೂ ಕಟ್ಟಬಹುದು. ಮೈನ್‌ಕ್ರಾಫ್ಟ್ ಮಾದರಿಯದು, ಮೊದಲು ಮೈನ್‌ಟೆಸ್ಟ್ ಎನ್ನುತ್ತಿದ್ದರು. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟ್ಯಾಟ್ 2012ರಿಂದ ಮೈನ್‌ಕ್ರಾಫ್ಟ್ ಬಳಸಿ ಹಲವು ದೇಶಗಳ ಯುವಜನರಿಂದ ಸಾರ್ವಜನಿಕ ಜಾಗಗಳ ವಿನ್ಯಾಸ ಮಾಡಿಸುತ್ತಾ ಬಂದಿದೆ.

ಉತ್ತರ: ನರ್ಸರಿಯವನು, ಹಿರಿಯೂರು

ಕಂಪ್ಯೂಟರಿನ ಮರ ಹುಟ್ಟುವಾಗಲೇ ಇಪ್ಪತ್ತಡಿ ಇರುತ್ತದೆ. ನನ್ನ ಹತ್ತಿರ ಒಯ್ಯುವ ಸಸಿ ಮೊಣಕಾಲೆತ್ತರ. ಆದ್ದರಿಂದ ಒಂದೇ ಜಾಗಕ್ಕೆ ಮೂರು ಚಿತ್ರ ಮಾಡಿಸಿ: ನೆಟ್ಟ ವರ್ಷ, ಮೂರು ವರ್ಷದ ನಂತರ, ಹತ್ತು ವರ್ಷದ ನಂತರ. ಈಗ ಒಂಬತ್ತನೆಯ ತರಗತಿಯಲ್ಲಿರುವವರಿಗೆ ನೆರಳು ಸಿಗಬೇಕೆಂದರೆ ಸದ್ಯಕ್ಕೆ ಚಪ್ಪರವೊಂದೇ ದಾರಿ.

ಬೇಗ ನೆರಳು ಕೊಡುವುದು ಗಸಗಸೆ ಹಣ್ಣಿನ ಮರ. ಹಕ್ಕಿಗಳೂ ಬರುತ್ತವೆ. ಆದರೆ ಕೋಟೆಯ ಕಡೆಯ ಮಂಗಗಳು ನಿಮ್ಮ ಶಾಲೆಗೂ ಬರುವುದಾದರೆ ಹಣ್ಣಿನ ಮರವನ್ನು ಯೋಚಿಸಿ ಹಾಕಿ. ದೀರ್ಘಕಾಲಕ್ಕೆ ಹೊಂಗೆ. ಪಾರಿಜಾತ ಒಂದು ಇರಲಿ, ಬೆಳಗಿನ ಪ್ರಾರ್ಥನೆಗೆ ಮೊದಲು ಹೂವು ನೆಲದ ಮೇಲೆ ಬಿದ್ದಿರುತ್ತದೆ. ಕಣಗಿಲೆ ಮಾತ್ರ ಬೇಡ, ಎಲೆ, ಹೂವು, ಕಾಂಡ ಎಲ್ಲವೂ ವಿಷ. ಹುಲ್ಲುಹಾಸು ನಮ್ಮ ಕಡೆಯ ಮಳೆಗೆ ತಕ್ಕದ್ದಲ್ಲ. ಬಿಸಿಯೂಟದ ಕೈತೊಳೆಯುವ ನೀರು ಎಲ್ಲಿಗೆ ಹೋಗುತ್ತಿದೆ? ಆ ಕಾಲುವೆಯನ್ನು ನಕ್ಷೆಯಲ್ಲಿ ಮೊದಲು ಬರೆಯಲಿ, ಗಿಡಗಳು ಅದರ ಪಕ್ಕದಲ್ಲಿ ಬರಲಿ.

ಮರುಪ್ರಶ್ನೆ: ಚಿತ್ರಕಲಾ ಶಿಕ್ಷಕಿ, ಚಿತ್ರದುರ್ಗ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕೈತೊಳೆಯುವ ನೀರು ಈಗ ಗೋಡೆಯ ತೂತಿನಿಂದ ರಸ್ತೆಗೆ ಹೋಗುತ್ತಿದೆ. ಇಷ್ಟು ವರ್ಷ ಅದನ್ನು ದಾಟಿಕೊಂಡು ಓಡಾಡಿದವರು ನಾವೇ. ಎರಡು ಸಂದೇಹಗಳಿವೆ. ಸಮಿತಿಯ ಒಬ್ಬ ಸದಸ್ಯರು ಇಡೀ ಜಾಗಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿಕೊಡುತ್ತೇನೆ, ಕೆಸರಾಗುವುದಿಲ್ಲ ಎನ್ನುತ್ತಿದ್ದಾರೆ. ಕೊಡುವವರಿಗೆ ಬೇಡ ಎನ್ನುವುದು ಹೇಗೆ? ಮತ್ತು ನಮ್ಮ ಹಳೆಯ ಯಂತ್ರಗಳಲ್ಲಿ ನೆರಳಿನ ಚಿತ್ರ ಬರಲು ಬಹಳ ಹೊತ್ತು ಹಿಡಿಯುತ್ತದೆಯೇ?

ಉತ್ತರ: ನಕ್ಷೆ ಬರೆಯುವವನು, ದಾವಣಗೆರೆ

ಬೇಡ ಎನ್ನಬೇಡಿ ಮೇಡಂ, ಮಕ್ಕಳಿಂದ ಅಳೆಸಿ. ಕೋವಿಡ್ ಕಾಲದಲ್ಲಿ ತಂದ ಹಣೆಗೆ ಹಿಡಿಯುವ ಥರ್ಮಾಮೀಟರ್ ಶಾಲೆಯಲ್ಲಿ ಇರಬಹುದು. ಅವುಗಳಲ್ಲಿ ಹಲವಕ್ಕೆ ವಸ್ತುವಿನ ಮೇಲ್ಮೈ ಅಳೆಯುವ ಗುಂಡಿ ಇದೆ. ಮಧ್ಯಾಹ್ನ ಬಿಸಿಲಿನಲ್ಲಿರುವ ಸಿಮೆಂಟು ನೆಲ, ಬರಿ ಮಣ್ಣು, ಬೇವಿನ ಕೆಳಗಿನ ಮಣ್ಣು, ಈ ಮೂರನ್ನೂ ಅಳೆದು ನಕ್ಷೆಯ ಮೇಲೆ ಬಣ್ಣ ಹಚ್ಚಲಿ. ಆ ಹಾಳೆಯನ್ನು ಹಿಡಿದು ಮಕ್ಕಳೇ ಮಾತನಾಡಿದರೆ ಸದಸ್ಯರೂ ಕೇಳುತ್ತಾರೆ. ಅವರ ಕೊಡುಗೆಗೆ ಜಾಗವಿದೆ: ಗೇಟಿನಿಂದ ಬೆಂಚುಗಳವರೆಗೆ ನಾಲ್ಕಡಿ ಅಗಲದ ದಾರಿಗೆ ಇಂಟರ್‌ಲಾಕ್ ಹಾಕಿಸಲಿ. ಗಾಲಿಕುರ್ಚಿಯಲ್ಲಿ ಬರುವ ಮಗುವಿಗೆ ಅದು ಬೇಕೇ ಬೇಕು. ಮರದ ಬುಡದ ಸುತ್ತ ಮಾತ್ರ ಮಣ್ಣು ತೆರೆದಿರಲಿ.

ಯಂತ್ರ ಹಳೆಯದಾದರೆ ಚಿತ್ರ ನಿಧಾನವಾಗುತ್ತದೆ, ನಿಜ. ಚಿತ್ರದ ಅಳತೆಯನ್ನು ಚಿಕ್ಕದಾಗಿಸಿ, ನೆರಳಿಗೆ ಬೇಕಾದ ಗೋಡೆ ಮತ್ತು ಮರಗಳನ್ನಷ್ಟೇ ಇಟ್ಟು, ಹೂಕುಂಡ ಮುಂತಾದವುಗಳನ್ನು ಆ ಹೊತ್ತಿಗೆ ಮರೆಮಾಡಿ. ಊಟಕ್ಕೆ ಹೋಗುವ ಮುಂಚೆ ಶುರು ಮಾಡಿಸಿದರೆ ಬರುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಕರೆಂಟ್ ಹೋಗುವ ಭಯವಿದ್ದರೆ ಮೊದಲು ಕಡತವನ್ನು ಉಳಿಸಿಕೊಳ್ಳಲು ಹೇಳಿ.